ಒಂದೇ ಟ್ರೇಲರ್ ಮೇಲೆ ಕೆಂಪು, ಹಳದಿ

ತಂಗಿ ಹಿಲ್ಮಾ,

ಮಗಳ ಊರು ತಲುಪಿದೆ. ಇಲ್ಲಿ ಎಲ್ಲರ ಮನೆ ಮುಂದೆಯೂ ಹಿಮದ ಮೇಲೆ ಓಡಾಡಲು ಈ ಊರ ಕಾರ್ಖಾನೆಯದೇ ಹಳದಿ ಸ್ನೋಮೊಬೈಲ್. ಕೆಂಪು ಗಾಡಿ ಮಾಡುವ ನಮ್ಮೂರ ಕಾರ್ಖಾನೆಯ ಕೆಂಪು ಟೋಪಿ ಹಾಕಿಕೊಂಡು ಇಳಿದರೆ, "ಅತ್ತೆ, ನನ್ನ ಮಾನ ಕಳೀಬೇಡಿ" ಎಂದು ಅಳಿಯ ಅದನ್ನು ಕಿತ್ತು ಜೇಬಿಗೆ ತುರುಕಿದ. "ನಿನ್ನ ಮಾನ ಅಷ್ಟು ಚಿಕ್ಕದೇನಪ್ಪಾ, ಜೇಬಲ್ಲಿ ಹಿಡಿಸೋಕೆ?" ಎಂದೆ.

ಎರಡೂ ಕಂಪನಿ ಕೈಜೋಡಿಸುತ್ತವಂತೆ, ಒಂದು ಕಾರ್ಖಾನೆ ಮುಚ್ಚುತ್ತಾರಂತೆ. ಇಲ್ಲಿಯದಾದರೆ ನನ್ನ ಅಳಿಯ, ಅಲ್ಲಿಯದಾದರೆ ನಿನ್ನ ಮಗ ಮನೆಯಲ್ಲಿ ಕೂರಬೇಕು. ಬೆಳಗಾದರೆ ಇದೇ ಮಾತು, ಕೇಳಿ ಕೇಳಿ ಸುಸ್ತಾಗಿದೆ. ನಿನ್ನೆ ಒಂದೇ ಟ್ರೇಲರ್ ಮೇಲೆ ಕೆಂಪು, ಹಳದಿ ಗಾಡಿಗಳನ್ನು ಕಂಡು, ಒಪ್ಪಂದ ಆಗಿಯೇ ಹೋಯಿತೆಂದು ಊರೆಲ್ಲ ಬೀದಿಗೆ ಬಂತು. ನೋಡಿದರೆ ಎರಡೂ ಕೆಟ್ಟು ಗುಜರಿಗೆ ಹೊರಟಿದ್ದವು.

ಮೊಣಕಾಲು ನೋವು ಬಿಟ್ಟಿಲ್ಲ. ನೀನು ಕೊಟ್ಟ ಮುಲಾಮು ಮುಗಿಯಿತು, ಇನ್ನೊಂದು ಡಬ್ಬಿ ಕಳಿಸು.

ಇವತ್ತು ಚರ್ಚಿನಲ್ಲಿ ಪಾದ್ರಿ, "ದೇವರೇ, ನಮ್ಮ ಕಾರ್ಖಾನೆ ಉಳಿಸು" ಎಂದರು. ಎಲ್ಲರೂ ಆಮೆನ್ ಎಂದರು. "ನೀನೂ ಆಮೆನ್ ಅನ್ನು, ಅಮ್ಮಾ" ಎಂದು ಮಗಳು ಮೊಣಕೈಯಿಂದ ತಿವಿದಳು. ನಿನ್ನ ಮಗನ ಮುಖ ಕಣ್ಣ ಮುಂದೆ ಬಂತು. ಜೋರಾಗಿ ಕೆಮ್ಮಿಬಿಟ್ಟೆ. ಅದನ್ನು ದೇವರು ಯಾವ ಊರಿನ ಲೆಕ್ಕಕ್ಕೆ ಹಾಕಿಕೊಂಡನೋ ಕಾಣೆ.

ನಿನ್ನ ಅಕ್ಕ