ಕನ್ನಡಿಯಿಲ್ಲದ ಕಟಿಂಗ್

ಏಪ್ರಿಲ್, ಭಾನುವಾರ ಮಧ್ಯಾಹ್ನ
(ಕ್ಯಾಲೆಂಡರು ಹಾಗೆನ್ನುತ್ತದೆ. ಮನೆಯೊಳಗೆ ಎಲ್ಲ ವಾರವೂ ಒಂದೇ.)

ಪ್ರೀತಿಯ ಗುಬ್ಬೀ,

"ಬಾಗಿಲು ಹಾಕಿದ ಮನೆಯಲ್ಲೇ ದೀಪ ನೆಟ್ಟಗೆ ಉರಿಯುತ್ತದೆ." ಈ ಸಾಲನ್ನು ನಾನು ಎಲ್ಲಿ ಓದಿದೆ? ಅಥವಾ ಅಮ್ಮ ಹೇಳುತ್ತಿದ್ದಳೋ? ಮುಂದಿನ ಸಾಲು ಮರೆತೇಹೋಗಿದೆ. ಬೆಳಗಿನಿಂದ ಇದರ ಜೊತೆ ಜಗಳಕ್ಕೆ ಬಿದ್ದಿದ್ದೇನೆ. ಗಾಳಿ ತಾಗದಿದ್ದರೆ ದೀಪ ಅಲುಗುವುದಿಲ್ಲ, ಒಪ್ಪಿದೆ. ಆದರೆ ದೀಪಕ್ಕೂ ಉಸಿರು ಬೇಡವೆ? ಬರೆದವರು ಬಾಗಿಲು ಹಾಕಿಕೊಂಡು ಎಷ್ಟು ದಿನ ಒಳಗಿದ್ದು ನೋಡಿದ್ದರೋ!

ದಿನವೂ ಫೋನಿನಲ್ಲಿ ಮಾತಾಡುವ ಅಕ್ಕ ಕಾಗದ ಯಾಕೆ ಬರೆದಳು ಎಂದು ಹುಬ್ಬೇರಿಸಬೇಡ. ನಮ್ಮದು ಎರಡು ಕೋಣೆಯ ಮನೆ. ನಿನ್ನ ಭಾವ ಊಟದ ಮೇಜನ್ನೇ ಆಫೀಸು ಮಾಡಿಕೊಂಡಿದ್ದಾರೆ. ನಾನು ಬಟ್ಟೆ ಬೀರುವಿನ ಮುಂದೆ ಕೂತು ಕಾಲೇಜಿನ ಹುಡುಗರಿಗೆ ಕಂಪ್ಯೂಟರಿನಲ್ಲಿ ಪಾಠ ಹೇಳುತ್ತೇನೆ. ಉಳಿದ ಜಾಗದಲ್ಲಿ ಅಪ್ಪ. ಪಿಸುಗುಟ್ಟಿದರೂ ಮೂವರಿಗೂ ಕೇಳಿಸುತ್ತದೆ. ನೀನು "ಅಪ್ಪ ಹೇಗಿದ್ದಾನೆ?" ಎಂದು ಕೇಳಿದಾಗೆಲ್ಲ ಅವನು ನನ್ನ ಮುಖವನ್ನೇ ನೋಡುತ್ತಿರುತ್ತಾನೆ. ನಾನು "ಆರಾಮಾಗಿದ್ದಾನೆ ಕಣೇ" ಎನ್ನುತ್ತೇನೆ. ಆರಾಮಾಗಿರಲಿಲ್ಲ.

ಮೊದಲು ವಿಷಯ ಹೇಳಿಬಿಡುತ್ತೇನೆ. ತಿಂಗಳ ಕೊನೆಗೆ ಊರಿನ ತನ್ನ ಸಲೂನಿನ ಬೀಗದಕೈಯನ್ನು ಕಟ್ಟಡದ ಮಾಲೀಕರಿಗೆ ಒಪ್ಪಿಸಿಬಿಡು ಎಂದು ಅಪ್ಪ ನಿನಗೆ ಹೇಳಿದ್ದಾನಲ್ಲ, ಒಪ್ಪಿಸಬೇಡ. ಏನಾದರೂ ನೆಪ ಹೇಳಿ ತಡಿ. ಯಾಕೆಂದು ಕೇಳು.

ಅಪ್ಪ ಇಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಊರಿಗೆ ಹೊರಡಬೇಕೆನ್ನುವಷ್ಟರಲ್ಲಿ ಲಾಕ್‌ಡೌನ್ ಬಂದು ಬಸ್ಸು ನಿಂತಿತಲ್ಲ, ಮೊದಲ ಕೆಲವು ದಿನ ಚೆನ್ನಾಗಿಯೇ ಇದ್ದ. ಟೀವಿಯಲ್ಲಿ ವಾರ್ತೆ ಓದುವವನ ಕಿವಿ ಪಕ್ಕದ ಕೃತಾವು ಓರೆಯಾಗಿದೆ ಎಂದು ದಿನಾ ಬೈಯುತ್ತಿದ್ದ. ಆಮೇಲೆ ಬೈಗುಳ ನಿಂತಿತು. ಊಟ ಅರ್ಧವಾಯಿತು. ಜ್ವರ ಬಂದರೂ ಕ್ಷೌರ ತಪ್ಪಿಸದ ಮನುಷ್ಯ ಗಡ್ಡ ಬಿಟ್ಟ. "ಏನ್ ಮಾವ, ಸನ್ಯಾಸಾನಾ?" ಎಂದು ನಿನ್ನ ಭಾವ ಕೆಣಕಿದರೆ, "ಯಾರನ್ನೂ ಮುಟ್ಟಬಾರದು ಅಂದ್ಮೇಲೆ ನಾನ್ ಇನ್ಯಾವ ಕೆಲಸದೋನು ಹೇಳಿ? ಇನ್ಮೇಲೆ ನನ್ನ ಕೈಗೆ ತಲೆ ಕೊಡೋರ್ಯಾರು?" ಎಂದ. ಆ ಸಂಜೆಯೇ ಅವನು ನಿನಗೆ ಫೋನು ಮಾಡಿ ಬೀಗದಕೈಯ ಮಾತೆತ್ತಿದ್ದು. ಮನಸ್ಸಿಗೆ ಹಗುರಾಗಲೆಂದು ನಾನೊಂದು ಕವನ ಓದಿ ಹೇಳಿದೆ. "ಚೆನ್ನಾಗಿದೆ. ಬರೆದೋನು ಕೂದಲು ಬಿಟ್ಟಿರ್ತಾನೆ, ಅಲ್ವಾ?" ಎಂದಷ್ಟೇ ಕೇಳಿ ಗೋಡೆಯ ಕಡೆ ತಿರುಗಿದ.

ನಮ್ಮ ಬಾಲ್ಕನಿಗೆ ಎದುರಾಗಿ, ಓಣಿಯಾಚೆ, ಬಸ್ ಕಂಡಕ್ಟರರ ಮನೆ. ಅವರ ಹೆಂಡತಿ, ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರು. ಕಳೆದ ವಾರ ಆಕೆ ಗಂಡನನ್ನು ಬಾಲ್ಕನಿಯಲ್ಲಿ ಕೂರಿಸಿ, ಹೆಗಲಿಗೆ ಟವೆಲು ಹೊದಿಸಿ, ಕೂದಲಿಗೆ ಕತ್ತರಿ ಹಾಕಿದರು. ಅಪ್ಪ ನಮ್ಮ ಬಾಲ್ಕನಿಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಕತ್ತರಿಯ ಸದ್ದಿಗೆ ಕಣ್ಣು ಬಿಟ್ಟವನೇ ಎದ್ದು ಕಟಕಟೆ ಹಿಡಿದು ಕೂಗಿದನಲ್ಲ: "ತಾಯೀ, ನಿಲ್ಸಮ್ಮಾ! ಅದು ತಲೆ, ಕೊತ್ತಂಬರಿ ಕಟ್ಟಲ್ಲ!"

ಓಣಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಟೀಚರು ಬೇಸರಿಸಲಿಲ್ಲ. "ಹಾಗಾದ್ರೆ ನೀವೇ ಹೇಳ್ಕೊಡಿ ಯಜಮಾನ್ರೇ" ಎಂದರು. ಅಪ್ಪ ಶುರುಮಾಡಿದ. ಬಾಚಣಿಗೆ ಮಲಗಿಸು, ಬೆರಳ ಸಂದಿಯಲ್ಲಿ ಹಿಡಿ, ತುದಿ ಮಾತ್ರ ತೆಗಿ. ಅವನ ದನಿ ಕೇಳಿ ನಾನು ಪಾಠ ನಿಲ್ಲಿಸಿ ಎದ್ದು ಬಂದೆ. ಅಂಗಡಿಯ ದನಿ ಗುಬ್ಬೀ, ನಾವು ಸ್ಕೂಲಿನಿಂದ ಬರುವಾಗ ರಸ್ತೆಯ ತಿರುವಿಗೇ ಕೇಳುತ್ತಿತ್ತಲ್ಲ, ಅದೇ.

"ಎಡಗಡೆ ಇನ್ನೂ ದಪ್ಪ ಇದೆ, ತೆಗೀಮ್ಮ." ಆಕೆ ತೆಗೆದರು. "ಇನ್ನೂ ಇದೆ." ಮತ್ತೆ ತೆಗೆದರು. "ಅಯ್ಯೋ, ಎಡಗಡೆ ಅಂದ್ನಲ್ಲಮ್ಮ!" "ಎಡಗಡೇನೇ ಅಲ್ವಾ ಕತ್ತರಿಸ್ತಿರೋದು!" ಅಷ್ಟರಲ್ಲಿ ಕಂಡಕ್ಟರರ ಎಡಗಿವಿಯ ಮೇಲೆ ಚರ್ಮ ಹೊಳೆಯುತ್ತಿತ್ತು. ಬಲಗಡೆಯ ಪೊದೆ ಇದ್ದ ಹಾಗೇ ಇತ್ತು.

ಏನಾಗಿತ್ತು ಗೊತ್ತೇ? ಅಪ್ಪ ಜೀವನವಿಡೀ ಗಿರಾಕಿಯ ಬೆನ್ನ ಹಿಂದೆ ನಿಂತು, ಮುಖವನ್ನು ಕನ್ನಡಿಯಲ್ಲಿ ನೋಡಿದವನು. ಕನ್ನಡಿಯಲ್ಲಿ ಅವನ ಎಡಗೈ ಕಡೆಗೆ ಕಾಣುವುದೇ ಗಿರಾಕಿಯ ಎಡಗಿವಿ. ಇಲ್ಲಿ ಕಂಡಕ್ಟರರು ಕನ್ನಡಿಯಿಲ್ಲದೆ ನೇರ ಇವನಿಗೆ ಮುಖಮಾಡಿ ಕೂತಿದ್ದರು. ಅವರ ಬಲ ಇವನಿಗೆ ಎಡವಾಗಿತ್ತು.

ಕಂಡಕ್ಟರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಿಡಿ ಯಜಮಾನ್ರೇ, ಈಗ ನನ್ನನ್ನ ನೋಡೋಳು ಇವಳೊಬ್ಬಳೇ. ಅವಳೇ ಮಾಡಿದ್ದು, ಅವಳೇ ಅನುಭವಿಸ್ಲಿ!" ಅಪ್ಪ ನಗಲಿಲ್ಲ. ಒಳಗೆ ಬಂದು, "ನೋಡಿದ್ಯಾ, ಕೈಗೆ ಕೆಲಸ ಹೋಯ್ತು, ಈಗ ಕಣ್ಣೂ ಮೋಸ ಮಾಡ್ತು. ಬೀಗದಕೈ ಕೊಡು ಅಂದಿದ್ದು ಸರಿಯಾಗೇ ಇದೆ" ಎಂದು ಮುಸುಕೆಳೆದು ಮಲಗಿದ. ರಾತ್ರಿ ಊಟಕ್ಕೂ ಏಳಲಿಲ್ಲ. ಆವತ್ತು ನಿನಗೆ ಫೋನಿನಲ್ಲಿ ಹೇಳದೆ ನುಂಗಿಕೊಂಡದ್ದು ಇದನ್ನೇ.

ಮರುದಿನ ಬೆಳಿಗ್ಗೆ ಓಣಿಯಾಚೆಯಿಂದ ಚಪ್ಪಾಳೆ. ಟೀಚರು ಗಂಡನನ್ನು ನಮಗೆ ಬೆನ್ನು ಮಾಡಿ ಕೂರಿಸಿ, ತಾವು ಪಕ್ಕಕ್ಕೆ ಸರಿದು ನಿಂತಿದ್ದರು. "ಯಜಮಾನ್ರೇ, ಅರ್ಧ ಪಾಠ ಹೇಳಿ ಮೇಷ್ಟ್ರು ಓಡಿಹೋಗಬಾರದು! ಈಗ ಹೇಳಿ, ಎಡ ಯಾವುದು?" ಅಪ್ಪ ಬಹಳ ಹೊತ್ತು ಬಾಗಿಲ ಹಿಂದೆಯೇ ನಿಂತಿದ್ದ. ಕೊನೆಗೆ ತನಗೆ ತಾನೇ ಹೇಳಿಕೊಳ್ಳುವಂತೆ, "ಬಲಗಡೆ ಹಾಗೇ ಬಿಟ್ರೆ ಆ ಮನುಷ್ಯ ಟಿಕೆಟ್ ಹೇಗೆ ಕೊಡ್ತಾನೆ" ಎಂದು ಗೊಣಗುತ್ತ ಬಾಲ್ಕನಿಗೆ ಹೋದ.

ಈಗ ಓಣಿಯಲ್ಲಿ ಇದೇ ಸುದ್ದಿ. ಕೆಳಮನೆಯ ಟೈಲರು ಮಗನನ್ನು ಅಂಗಳದಲ್ಲಿ ಕೂರಿಸಿಕೊಂಡು ಕತ್ತು ಮೇಲೆತ್ತಿ ಕೇಳುತ್ತಾನೆ. ಔಷಧಿ ಅಂಗಡಿಯವಳು ತಾರಸಿಯಿಂದ ಗಂಡನನ್ನು ತೋರಿಸುತ್ತಾಳೆ. ಅಪ್ಪನದು ಒಂದೇ ನಿಯಮ: "ಬೆನ್ನು ನನ್ನ ಕಡೆ, ಮುಖ ಗೋಡೆ ಕಡೆ." ಯಾರನ್ನೂ ಮುಟ್ಟದೆ ಇಡೀ ಓಣಿಯ ತಲೆಗಳನ್ನು ಆಳುತ್ತಿದ್ದಾನೆ. ಊಟಕ್ಕೆ ಕರೆಯುವ ಮೊದಲೇ ಬಂದು ಕೂರುತ್ತಾನೆ. ವಾರ್ತೆಯವನ ಕೃತಾವಿಗೆ ಮತ್ತೆ ಬೈಗುಳ ಶುರುವಾಗಿದೆ.

ನಿನ್ನೆ ಕೈಚೀಲದಿಂದ ತನ್ನ ಕತ್ತರಿ ತೆಗೆದು ನನ್ನ ಕೈಗೆ ಕೊಟ್ಟು, ಬೀರುವಿನ ಕನ್ನಡಿಯ ಮುಂದೆ ಕೂತ. "ಎಲ್ಲರಿಗೂ ಹೇಳ್ಕೊಟ್ಟೆ, ಮಗಳಿಗೆ ಬರಲ್ಲ ಅಂದ್ರೆ ಮರ್ಯಾದೆ ಏನಾಯ್ತು?" ನಾನು ಬಾಚಿದ್ದನ್ನೇ ಮತ್ತೆ ಮತ್ತೆ ಬಾಚಿದೆ. ಅಪ್ಪನ ತಲೆಯನ್ನು ನಾನು ಮುಟ್ಟಿದ್ದು ಅದೇ ಮೊದಲು, ಗುಬ್ಬೀ. ಎಳೆ ಮಗುವಿನ ತಲೆಯಂತೆ ಮೆತ್ತಗಿತ್ತು. ಕನ್ನಡಿಯಲ್ಲಿ ಅವನು ನನ್ನನ್ನೇ ನೋಡುತ್ತ, "ಹೆದರ್ಬೇಡ, ಕೂದಲು ತಾನೇ, ಮತ್ತೆ ಬರುತ್ತೆ" ಎಂದ. ಆಮೇಲೆ ತಾನೇ ಗಡ್ಡ ಹೆರೆದುಕೊಂಡ.

ಅಂಗಡಿಯ ಮಾತನ್ನು ಅವನು ಎತ್ತಿಲ್ಲ. ನಾನಾಗಿ ಕೇಳಿದರೆ ಹಟಕ್ಕೆ "ಕೊಡು ಅಂದಾಯ್ತಲ್ಲ, ಬಿಡು" ಎಂದಾನು. ನಿನಗೆ ಗೊತ್ತಲ್ಲ ಅವನ ಬುದ್ಧಿ. ಹಾಗಾಗಿ ಇದು ನನ್ನ ಆಸೆ ಮಾತ್ರ, ಅವನ ಮಾತಲ್ಲ. ಬೀಗದಕೈ ನಿನ್ನ ಹತ್ತಿರವೇ ಇರಲಿ. ಎಲ್ಲಾದರೂ ಹೊರಗೆ ಹೋಗುವಾಗ ಮಾಸ್ಕು ಮರೆಯಬೇಡ.

ನಿನ್ನ
ಅಕ್ಕ

ತಾಜಾ ಕಲಂ: ಕಾಗದ ಮಡಚುತ್ತಿದ್ದಾಗ ಕರೆಗಂಟೆ ಸದ್ದಾಯಿತು. ಟೀಚರು ಮಾಸ್ಕು ಹಾಕಿಕೊಂಡು ಮೆಟ್ಟಿಲ ಮೇಲೆ ದೂರದಲ್ಲಿ ನಿಂತಿದ್ದರು. ಅಪ್ಪ ಒಳಗೆ ನಿದ್ದೆಯಲ್ಲಿದ್ದಾನೆಂದು ಖಾತ್ರಿ ಮಾಡಿಕೊಂಡು ತಗ್ಗಿದ ದನಿಯಲ್ಲಿ ಹೇಳಿದರು: "ಬಸ್ಸು ಬಿಟ್ಟ ಮೊದಲನೇ ದಿನವೇ ನಿಮ್ಮ ತಂದೆ ಅಂಗಡಿ ತೆರೆಯೋಕೆ ಹೊರಡ್ತಾರಂತೆ, ನಮ್ಮನೆಯವರ ಹತ್ರ ಈಗ್ಲೇ ಸೀಟು ಹಿಡಿಸಿದ್ದಾರೆ. 'ಮಗಳಿಗೆ ಹೇಳ್ಬೇಡಿ, ತಡೀತಾಳೆ' ಅಂದಿದ್ದಾರೆ. ನಾನು ಹೇಳ್ದೆ ಅನ್ಬೇಡಿ ಮತ್ತೆ!"