ಮಾತು ಕೇಳುವ ಟಿ.ವಿ.

ಜೂನ್ 14, ಶನಿವಾರ

ಟಿ.ವಿ. ಯಾವುದೆಂದು ಇನ್ನೂ ತೀರ್ಮಾನವಾಗಿಲ್ಲ. ಜಯನಗರದ ಅಂಗಡಿಯಲ್ಲಿ ನಮ್ಮ ಬಜೆಟ್ಟಿಗೆ ಸಿಕ್ಕಿದ್ದು ಎರಡೇ. ಚಿಕ್ಕದರ ರಿಮೋಟಿನಲ್ಲಿ ನಂಬರುಗಳಿವೆ. ದೊಡ್ಡದಕ್ಕೆ ಬಾಯಲ್ಲೇ ಹೇಳಬೇಕು.

“ಬಟನ್ ಒತ್ಕೊಂಡು ಮಾತಾಡಿ ಅಂಕಲ್, ಕನ್ನಡ ಅರ್ಥ ಆಗುತ್ತೆ,” ಎಂದು ಅಂಗಡಿಯವಳು ದೊಡ್ಡದರ ರಿಮೋಟನ್ನು ಅಪ್ಪನಿಗೆ ಕೊಟ್ಟಳು.

ಸ್ಟ್ರೋಕ್ ಆದಮೇಲೆ ಅಪ್ಪನ ಮಾತು ತೊದಲುತ್ತದೆ. ನನಗೆ ಅಭ್ಯಾಸವಾಗಿದೆ, ಟಿ.ವಿ.ಗೆ ಆಗಿಲ್ಲ. “ಸುದ್ದಿ ಹಾಕು” ಎಂದು ಮೂರು ಸಲ ಹೇಳಿದರು. ಏನೂ ಬರಲಿಲ್ಲ.

“ಹಳೇದೇ ಸಾಕು ಬಿಡಮ್ಮ,” ಎಂದು ರಿಮೋಟ್ ನನ್ನ ಕೈಗಿಟ್ಟರು.

ನಂಬರಿನದು ತಂದರೆ, ‘ನನ್ನ ಮಾತು ಸರಿಹೋಗುವ ಆಸೆ ಇವಳೂ ಬಿಟ್ಟಳು’ ಎಂದುಕೊಳ್ಳುತ್ತಾರೇನೋ ಅಪ್ಪ. ದೊಡ್ಡದು ತಂದರೆ ದಿನಾ ಇದೇ ಅವಮಾನ.

ಸಂಜೆ ಲಿಂಗಪೂಜೆಗೆ ಕೂತವರು ಎಷ್ಟು ಹೊತ್ತಾದರೂ ಏಳಲಿಲ್ಲ. ಗಾಬರಿಯಾಗಿ ಬಾಗಿಲಿಗೆ ಕಿವಿಯಿಟ್ಟೆ. ಮಂತ್ರವಲ್ಲ. “ಸುದ್ದಿ ಹಾಕು” ಎನ್ನುತ್ತಿದ್ದರು, ಮೆಲ್ಲಗೆ, ಮತ್ತೆ ಮತ್ತೆ.