ಕಾಫಿ ಕಣದಲ್ಲಿ ಓಡುವ ಚಿಕ್ಕಪ್ಪ

ನನ್ನ ಕ್ಯಾಮೆರಾ ಚಿಕ್ಕಪ್ಪನಿಗೆ,

ನೀವು ಹೋದ ಮೇಲೆ ಬೀರುವಿನಲ್ಲೇ ಉಳಿದಿದ್ದ ವಿಡಿಯೊ ಟೇಪುಗಳನ್ನು ಮೂಡಿಗೆರೆಯ ಸ್ಟುಡಿಯೋದಲ್ಲಿ ಕಂಪ್ಯೂಟರಿಗೆ ಇಳಿಸಿಕೊಂಡು ಬಂದೆ. ಚಿಕ್ಕಮ್ಮನಿಗೊಂದು ಡಿವಿಡಿ ಮಾಡುತ್ತಿದ್ದೇನೆ. ಮೊಬೈಲಿನಲ್ಲಿ ವಿಡಿಯೊ ನೋಡುವುದು ಅವರಿಗೆ ಒಗ್ಗುವುದಿಲ್ಲ, ನೀವು ತಂದಿಟ್ಟ ಪ್ಲೇಯರಿನ ರಿಮೋಟ್ ಮಾತ್ರ ಕೈಗೆ ಪಳಗಿದೆ. ಅದಕ್ಕೇ ದೃಶ್ಯಗಳ ಮೆನು ಮಾಡಲು ಕುಳಿತೆ. ಪುಟ್ಟ ಪುಟ್ಟ ಚೌಕಗಳು, ಪ್ರತಿಯೊಂದರಲ್ಲೂ ಚಿತ್ರ, ಕೆಳಗೆ ಹೆಸರು. ಒತ್ತಿದರೆ ಆ ದೃಶ್ಯ ಬರುತ್ತದೆ.

ಬಾಳೂರಿನ ಅತ್ತೆಯ ಮದುವೆಯಲ್ಲಿ "ಎಲ್ರೂ ಈ ಕಡೆ ನೋಡಿ ಮಾರಾಯ್ರೆ" ಎಂದು ಕೂಗಿದ್ದು ನೆನಪಿದೆಯೇ? ಕೂಗು ಟೇಪಿನಲ್ಲಿದೆ, ನೀವಿಲ್ಲ. ನನ್ನ ನಾಮಕರಣದಲ್ಲೂ ಇಲ್ಲ, ದೀಪಾವಳಿಯಲ್ಲೂ ಇಲ್ಲ. ಕ್ಯಾಮೆರಾ ಯಾರ ಕೈಗಾದರೂ ಕೊಟ್ಟಿದ್ದರೆ ತಾನೇ! ಚಿಕ್ಕಮ್ಮ ಕೇಳಿದ್ದು ಅದೊಂದೇ: "ಅವ್ರು ಇರೋದು ಒಂದಾದ್ರೂ ಹಾಕಿಕೊಡೇ." ಎಲ್ಲಿಂದ ತರಲಿ ಹೇಳಿ...

ಕೊನೆಗೊಂದು ಟೇಪಿನಲ್ಲಿ ಸಿಕ್ಕಿದಿರಿ. ಮನೆ ಮುಂದಿನ ಕಣದಲ್ಲಿ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗಲು ಹರಡಿದ್ದ ದಿನ. ಅಕಾಲದ ಮಳೆ ಬಂತೆಂದು ತೋಟದ ಮೇಸ್ತ್ರಿ ಕೂಗಿದರು. ನೀವು ಕ್ಯಾಮೆರಾವನ್ನು ಜಗಲಿಯ ಮೇಲಿಟ್ಟು, ಆಫ್ ಮಾಡುವುದನ್ನೂ ಮರೆತು, ಪಂಚೆ ಎತ್ತಿಕೊಂಡು ಟಾರ್ಪಾಲಿನತ್ತ ಓಡಿದಿರಿ. ಒಂದು ಚಪ್ಪಲಿ ಮೆಟ್ಟಿಲಲ್ಲೇ ಉಳಿಯಿತು. ನಕ್ಕುಬಿಟ್ಟೆ. ನಗುತ್ತಲೇ ಅಳು ಬಂತು, ಅಷ್ಟೊಂದು ಬೇಕಾಗಿದ್ದಿರಿ ನೀವು.

ಆ ಓಟವನ್ನೇ ಚಲಿಸುವ ಚಿತ್ರವಾಗಿ ಚೌಕದಲ್ಲಿ ಕೂರಿಸಿದೆ. ಮೆನು ತೆರೆದಿರುವಷ್ಟು ಹೊತ್ತೂ ಅದು ಮತ್ತೆ ಮತ್ತೆ ಮೊದಲಿಂದ ಬರುತ್ತದೆ. ನಿನ್ನೆ ಬಣಕಲ್ಲಿನ ನಿಮ್ಮ ಮನೆಗೆ ಹೋಗಿ ಹಾಕಿ ತೋರಿಸಿದೆ. ಚಿಕ್ಕಮ್ಮ ಯಾವ ದೃಶ್ಯವನ್ನೂ ಒತ್ತಲಿಲ್ಲ. ರಿಮೋಟ್ ಮಡಿಲಲ್ಲಿಟ್ಟುಕೊಂಡು ಮೆನುವನ್ನೇ ನೋಡುತ್ತ ಕುಳಿತರು. ಲೋಟದ ಕಾಫಿ ಆರಿಹೋಯಿತು.

"ಮಳೇಲಿ ಓಡ್ತಾನೇ ಇದಾರಲ್ಲೇ," ಎಂದರು ಆಮೇಲೆ. "ಒಳಗೆ ಬರೋ ಹಂಗೆ ಮಾಡಕ್ಕೆ ಆಗಲ್ವಾ?"

ಆಗುತ್ತದೆ ಚಿಕ್ಕಪ್ಪ. ಟೇಪಿನಲ್ಲಿ ಮುಂದೆ, ಕ್ಯಾಮೆರಾ ನೆನಪಾಗಿ ನೀವು ತಲೆ ಒರೆಸಿಕೊಳ್ಳುತ್ತ ಜಗಲಿಗೆ ಬರುತ್ತೀರಿ. ಮುಖವನ್ನು ಹತ್ತಿರ, ಇನ್ನೂ ಹತ್ತಿರ ತಂದು, "ಅಯ್ಯೋ, ಇದಿನ್ನೂ ಆನ್ ಇದೆಯಲ್ಲ!" ಎನ್ನುತ್ತೀರಿ. ಇವತ್ತು ತುಣುಕನ್ನು ಅಲ್ಲಿಯವರೆಗೆ ಉದ್ದ ಮಾಡಿದೆ. 'ಕಾಫಿ ಕಣ' ಎಂಬ ಹೆಸರು ಅಳಿಸಿ ನಿಮ್ಮ ಹೆಸರು ಹಾಕಿದೆ. ನಾಳೆ ಬೆಳಿಗ್ಗೆಯೇ ಬಣಕಲ್ಲಿಗೆ ಒಯ್ಯುತ್ತೇನೆ.

ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. ಈಗಷ್ಟೇ ಫೋನ್ ಮಾಡಿ, "ಬಂದ್ರಾ?" ಎಂದು ಕೇಳಿದರು.

ಬಂದರು ಎಂದೆ.

ನಿಮ್ಮ ಪುಟ್ಟಿ